ನಿನ್ನ ಸ್ಟೇಷನ್ನಿನ ಬಗ್ಗೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟೀ,

ದಿನಾ ರೈಲು ಹತ್ತುವ ಡೆಪ್ಟ್‌ಫರ್ಡ್ ಸ್ಟೇಷನ್ನಿನಲ್ಲಿ ನೋಡೋಕೆ ಏನೂ ಇಲ್ಲಮ್ಮ ಅಂದೆಯಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ ಕಣೇ. ಲಂಡನ್ನಿನಲ್ಲಿ ಇವತ್ತಿಗೂ ರೈಲು ನಿಲ್ಲುವ ಸ್ಟೇಷನ್ನುಗಳಲ್ಲೆಲ್ಲ ಹಿರಿಯದು ಅದು. 1836ರ ಫೆಬ್ರವರಿ 8ರಂದು ಶುರುವಾದಾಗ ವಿಕ್ಟೋರಿಯಾ ಇನ್ನೂ ರಾಣಿಯಾಗಿರಲಿಲ್ಲ. ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಮುಂಬಯಿಯ ಬೋರಿ ಬಂದರ್‌ನಿಂದ ಠಾಣೆಗೆ ಹೊರಟದ್ದು ಅದಾಗಿ 17 ವರ್ಷಕ್ಕೆ.

ನಿನ್ನ ಪ್ಲಾಟ್‌ಫಾರಂ ಬೀದಿಯಿಂದ ಅಷ್ಟು ಎತ್ತರದಲ್ಲಿ ಇರುವುದಕ್ಕೆ ಕಾರಣ ಜಾರ್ಜ್ ಲ್ಯಾಂಡ್‌ಮನ್ ಎಂಬ ಎಂಜಿನಿಯರ್. ಸಿಕ್ಕ ಸಿಕ್ಕ ರಸ್ತೆಗೆಲ್ಲ ಗೇಟು ಹಾಕಿಸುವ ಬದಲು ಲಂಡನ್ ಬ್ರಿಡ್ಜ್ ಸ್ಟೇಷನ್ನಿನಿಂದ ಗ್ರೀನಿಚ್‌ವರೆಗೂ ಹಳಿಯನ್ನು ಇಟ್ಟಿಗೆ ಕಮಾನುಗಳ ಮೇಲೆ ಹೊರಿಸಿದ. ಆರು ಕಿಲೋಮೀಟರಿಗಿಂತ ಕಡಿಮೆ ದಾರಿ, 878 ಕಮಾನು! ಕಮಾನಿನಡಿ ಮನೆ ಮಾಡಿ ಬಾಡಿಗೆಗೆ ಕೊಡುವ ಆಸೆಯೂ ರೈಲ್ವೆ ಕಂಪನಿಗಿತ್ತು. ಮಾದರಿ ಮನೆಗಳನ್ನು ಕಟ್ಟಿಯೂ ನೋಡಿದರು, ಕೈಗೂಡಲಿಲ್ಲ. ತಲೆಯ ಮೇಲೆ ರೈಲು ಗಡಗಡಿಸುವಲ್ಲಿ ಯಾರು ಸಂಸಾರ ಹೂಡುತ್ತಾರೆ?

ನನಗೆ ತುಂಬ ತಟ್ಟಿದ್ದು ಆಮೇಲಿನ ಕಥೆ. ಶುರುವಿನಲ್ಲಿ ಆ ರೈಲು ಓಡಾಡಿದ್ದು ಡೆಪ್ಟ್‌ಫರ್ಡ್‌ಗೂ ಸ್ಪಾ ರೋಡ್ ಎಂಬ ಇನ್ನೊಂದು ಸ್ಟೇಷನ್ನಿಗೂ ನಡುವೆ ಮಾತ್ರ. ಲಂಡನ್ ಬ್ರಿಡ್ಜ್ ಮುಟ್ಟಲು ಆ ವರ್ಷದ ಡಿಸೆಂಬರ್ ಬಂತು. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಜೊತೆಗೇ ಹುಟ್ಟಿದ ಆ ಎರಡೂ ಸ್ಟೇಷನ್ನುಗಳಿಗೆ ಬೀಗ ಬಿತ್ತು. ಸ್ಪಾ ರೋಡ್ ಮತ್ತೆ ತೆರೆಯಲೇ ಇಲ್ಲ. ಈಗ ನಿನ್ನ ರೈಲು ಆ ಜಾಗವನ್ನು ನಿಲ್ಲದೆ ದಾಟಿಹೋಗುತ್ತದೆ. ಡೆಪ್ಟ್‌ಫರ್ಡ್ ಮಾತ್ರ 1926ರಲ್ಲಿ ಮತ್ತೆ ಬಾಗಿಲು ತೆರೆಯಿತು. ಆ ಮಾರ್ಗಕ್ಕೆ ಕರೆಂಟು ರೈಲು ಬಂದದ್ದೂ ಅದೇ ವರ್ಷ. ಉಗಿಬಂಡಿ ಒಮ್ಮೆ ನಿಂತರೆ ಮತ್ತೆ ವೇಗ ಹಿಡಿಯಲು ಹೊತ್ತು ಬೇಕು; ಕರೆಂಟಿನದು ಹೊರಟ ಕೂಡಲೇ ಓಡುತ್ತದೆ. ಹತ್ತಿರ ಹತ್ತಿರದ ಸಣ್ಣ ಸ್ಟೇಷನ್ನುಗಳಿಗೆ ಜೀವ ಕೊಟ್ಟದ್ದು ಅದು. ದೊಡ್ಡ ಜಂಕ್ಷನ್ನುಗಳ ಚರಿತ್ರೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಬೆಳಗ್ಗೆ ನಾಲ್ಕು ನಿಮಿಷ ಕಾಯುವುದಕ್ಕೆ ಮಾತ್ರ ನಾವು ಹೋಗುವ ಇಂಥ ಜಾಗಗಳ ಚರಿತ್ರೆಯೂ ನಮಗೆ ಗೊತ್ತಿರಬೇಕು ಅಂತ ನನ್ನ ಆಸೆ.

ಈಗಿನ ಸ್ಟೇಷನ್ ಕಟ್ಟಡ 2012ರದ್ದು. ಅದರಲ್ಲಿ ಹಳೆಯದನ್ನು ಹುಡುಕಬೇಡ. ಪಕ್ಕದಲ್ಲೇ ಕಮಾನುಗಳ ಮೇಲೆ ಏರುವ ಇಳಿಜಾರು ಇದೆಯಲ್ಲ, ಗಾಡಿಗಳಿಗೆಂದು ಕಟ್ಟಿದ ಕ್ಯಾರೇಜ್ ರ‍್ಯಾಂಪ್, ಅದು ಶುರುವಿನ ಕಾಲದ್ದು. ಎಷ್ಟೋ ವರ್ಷ ಪಾಳುಬಿದ್ದಿತ್ತು, ಈಗ ರಿಪೇರಿಯಾಗಿ ಕೆಳಗೆ ಅಂಗಡಿಗಳು ಬಂದಿವೆ. ರಜಾ ದಿನ ಅವಸರವಿಲ್ಲದೆ ಅದರ ಮೇಲೆ ನಡೆದು ನೋಡು. ಇಟ್ಟಿಗೆಗಳ ಫೋಟೊ ಹತ್ತಿರದಿಂದ ತೆಗೆದು ಕಳಿಸು, ಅಪ್ಪನಿಗೂ ತೋರಿಸಬೇಕು.

ನಿನ್ನ
ಅಮ್ಮ