ನರ್ಸರಿ, ಎಲ್‌ಕೆಜಿ, ಯುಕೆಜಿ ಪೋಷಕರಿಗೆ: ಇನ್ನು ಮೊದಲ ಫೋನ್ ಟೀಚರ್‌ಗೆ

ಪ್ರಿಯ ಪೋಷಕರೇ,

ನಮಸ್ಕಾರ. ಮಳೆ ಹಿಡಿದಿದೆ, ಗೇಟಿನ ಹತ್ತಿರದ ಅಳು ಒಂದು ಹದಕ್ಕೆ ಬಂದಿದೆ. ಜೂನ್ ತಿಂಗಳ ಗಲಾಟೆ ತಣ್ಣಗಾಗಲಿ ಅಂತ ಕಾದು ಈ ಪತ್ರ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ನಮ್ಮ ಶಾಲೆಯ ನರ್ಸರಿ, ಎಲ್‌ಕೆಜಿ, ಯುಕೆಜಿ ವಿಭಾಗವನ್ನು ಈ ವರ್ಷದಿಂದ ಯುಕೆಜಿ ಟೀಚರ್ ನಡೆಸುತ್ತಾರೆ. ಮಕ್ಕಳ ದಿನ ಹೇಗೆ ಸಾಗಬೇಕು, ಯಾವ ಆಟ, ಯಾವ ಕಥೆ, ಯಾವ ಮಗುವಿಗೆ ಏನು ಬೇಕು, ಇದೆಲ್ಲ ಅವರು ತಮ್ಮ ಜೊತೆಯವರ ಹತ್ತಿರ ಕೂತು ತೀರ್ಮಾನ ಮಾಡುತ್ತಾರೆ. ಅಡ್ಮಿಷನ್, ಫೀಸು, ಕಟ್ಟಡ, ಮಕ್ಕಳ ಸುರಕ್ಷತೆಯ ಹೊಣೆ ನನ್ನದೇ. ಅದನ್ನು ಯಾರ ಮೇಲೂ ಹಾಕುವುದಿಲ್ಲ.

"ಮೇಡಂ, ನೀವು ಕೈ ತೊಳ್ಕೊಳ್ತಾ ಇದ್ದೀರಾ?" ಅಂತ ಒಬ್ಬರು ತಂದೆ ನೇರವಾಗಿಯೇ ಕೇಳಿದರು. ಇಲ್ಲ. ಪುಟ್ಟ ಮಕ್ಕಳ ವಿಷಯವೇ ಬೇರೆ. ಏಳನೇ ಕ್ಲಾಸಿನ ಹುಡುಗ ಹೊಟ್ಟೆನೋವು ಅಂದರೆ ಬಾಯಿಬಿಟ್ಟು ಹೇಳುತ್ತಾನೆ. ಮೂರೂವರೆ ವರ್ಷದವಳು ಹೇಳುವುದಿಲ್ಲ, ಮೂಲೆ ಹಿಡಿದು ಕೂರುತ್ತಾಳೆ. ಅದು ಯಾರ ಕಣ್ಣಿಗೆ ಬಿತ್ತೋ ಅವರೇ ಆಗಲೇ ಏನಾದರೂ ಮಾಡಬೇಕು. ಆಫೀಸಿಗೆ ಬಂದು, ನನ್ನ ಮೀಟಿಂಗ್ ಮುಗಿಯುವ ತನಕ ಕಾದು, ಒಪ್ಪಿಗೆ ಕೇಳಿಕೊಂಡು ಹೋಗುವಷ್ಟರಲ್ಲಿ ಮಗುವಿನ ಬೆಳಗ್ಗೆಯೇ ಕಳೆದಿರುತ್ತದೆ.

ಹೋದ ವರ್ಷ ಆಗಸ್ಟ್ ಮೊದಲ ವಾರ. ಬಯಲುಸೀಮೆಯಿಂದ ಹೊಸದಾಗಿ ಬಂದಿದ್ದ ಟೀಚರ್ ಟಾಯ್ಲೆಟ್ ಕಡೆಯಿಂದ ಓಡಿ ಬಂದರು. ಒಂದು ಮಗುವಿನ ಮೂತ್ರ ಕೆಂಪಗಿದೆ, ಕೂಡಲೇ ಜೀಪು ಕರೆಸಿ ಅಂದರು. ನಮ್ಮ ಅಡುಗೆಯವರು ಸೌಟು ಕೆಳಗಿಡದೆಯೇ ಕೇಳಿದರು: "ನಿನ್ನೆ ಕಕ್ಕಡ ಹದಿನೆಂಟು ಅಲ್ವಾ ಮಿಸ್? ಮದ್ದು ಸೊಪ್ಪಿನ ಪಾಯಸ ತಿಂದಿರ್ಬೇಕು." ಮನೆಗೆ ಫೋನ್ ಮಾಡಿದೆವು. ಹೌದು, ಎರಡು ಬಟ್ಟಲು. ನಿಮಗೆ ನಗು ಬರಬಹುದು. ಆಗಸ್ಟ್ 3ಕ್ಕೆ ಬರುವ ಕಕ್ಕಡ ಹದಿನೆಂಟರಂದು ತಿನ್ನುವ ಮದ್ದು ಸೊಪ್ಪು ಮರುದಿನ ಮೂತ್ರಕ್ಕೆ ಕೆಂಪು ಬಣ್ಣ ಕೊಡುವುದು ಕೊಡಗಿನ ಮನೆಗಳಿಗೆ ಹೊಸದೇನಲ್ಲ. ಆದರೆ ಟ್ರೈನಿಂಗ್ ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಟೀಚರ್ ಗಾಬರಿಯಾದದ್ದು ಸರಿ, ಸುಮ್ನೆ ಊಹೆ ಮಾಡದೆ ಮನೆಗೆ ಕೇಳಿದ್ದು ಇನ್ನೂ ಸರಿ. ಆದರೆ ಆ ಹೊತ್ತಿನಲ್ಲಿ ದಾರಿ ತೋರಿಸಿದ್ದು ಅಡುಗೆಯವರು.

ಹಾಗಾಗಿ ಪ್ರತಿ ಶುಕ್ರವಾರ ಮಕ್ಕಳು ಹೋದ ಮೇಲೆ ಅರ್ಧ ಗಂಟೆ ಎಲ್ಲರೂ ಕೂರುತ್ತಾರೆ. ಟೀಚರ್‌ಗಳು, ಆಯಾ, ಅಡುಗೆಯವರು, ವ್ಯಾನ್ ಡ್ರೈವರ್, ಎಲ್ಲರೂ. ಮಾತು ಶುರು ಮಾಡುವುದು ಟೀಚರೇ ಆಗಬೇಕೆಂದಿಲ್ಲ. "ಆಯಾಗೂ ಮೀಟಿಂಗಾ?" ಅಂತ ಕೇಳಿದವರಿದ್ದಾರೆ. ಅವರಿಗಾಗಿ ಒಂದು ಸಂಗತಿ ಬಿಡಿಸಿ ಹೇಳುತ್ತೇನೆ.

ನಮ್ಮ ನರ್ಸರಿಯ ಚಾಪೆ ಮೇಲೆ ಕೊಡವ ತಕ್ಕ್ ಇದೆ, ಅರೆಭಾಷೆ ಇದೆ, ಮಲಯಾಳ ಇದೆ, ಯರವ ಮಾತು ಇದೆ. ಈಗ ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳ ಮಾತೂ ಸೇರಿದೆ. ತೋಟದ ಕೆಲಸದವರ ಸಾಲುಮನೆ, ಅಂದರೆ ಲೈನ್ ಮನೆಯಿಂದ ಬರುವ ಒಬ್ಬ ಹುಡುಗ ವಾರಗಟ್ಟಲೆ ತುಟಿ ಬಿಚ್ಚಲಿಲ್ಲ. ಹಾಜರಿ ಕರೆದರೂ ಇಲ್ಲ, ಮೊಟ್ಟೆ ಬೇಕಾ ಅಂದರೂ ಇಲ್ಲ. ನಮ್ಮ ಆಯಾಗೆ ಯರವ ಮಾತು ಬರುತ್ತದೆ. ಒಂದು ದಿನ ಟೀಚರ್ ಬೆಳಗಿನ ಕಥೆಯ ಹೊತ್ತನ್ನು ಪೂರ್ತಿ ಆಯಾಗೆ ಬಿಟ್ಟು, ತಾವು ಮಕ್ಕಳ ಜೊತೆ ಚಾಪೆ ಮೇಲೆ ಕೂತರು. ಆಯಾ ಆನೆ ಕಥೆ ಹೇಳಿದರು, ಅರ್ಧ ಕನ್ನಡ, ಅರ್ಧ ಯರವ. ಆನೆ ಹಲಸಿನ ಹಣ್ಣಿಗೆ ಬಂತು ಅನ್ನುವಷ್ಟರಲ್ಲಿ ಹುಡುಗ ಎದ್ದು ನಿಂತ. ನಮ್ಮ ಲೈನಿಗೂ ಬಂದಿತ್ತು ಅಂತ ತನ್ನ ಮಾತಿನಲ್ಲೇ ಶುರು ಮಾಡಿದ. ಆಮೇಲೆ ಅವನನ್ನು ಕೂರಿಸುವುದೇ ಕಷ್ಟವಾಯಿತು! ಈಗ ವಾರದಲ್ಲಿ ಎರಡು ದಿನ ಆ ಹೊತ್ತು ಆಯಾ ಅವರದೇ. ಟೀಚರ್ ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಟ್ಟರಲ್ಲ, ಅದನ್ನೂ ನಾನು ಮುಂದಾಳತ್ವ ಅಂತಲೇ ಕರೆಯುತ್ತೇನೆ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದೇನಲ್ಲ. ಆಸ್ಟ್ರೇಲಿಯಾದಲ್ಲಿ 2012ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಪ್ರತಿ ಶಿಶುಕೇಂದ್ರವೂ ಕಲಿಕೆಯ ವಿಷಯ ನೋಡಿಕೊಳ್ಳಲಿಕ್ಕೆಂದೇ ಒಬ್ಬರನ್ನು ನೇಮಿಸಬೇಕು. ಕೇಂದ್ರ ನಡೆಸುವವರೇ ಅವರಾಗಬೇಕೆಂದಿಲ್ಲ. ಇಟಲಿಯ ರೆಜಿಯೋ ಎಮಿಲಿಯಾ ಊರಿನ ಶಿಶುಶಾಲೆಗಳಲ್ಲಿ ಪ್ರತಿ ತರಗತಿಗೆ ಇಬ್ಬರು ಟೀಚರ್, ಇಬ್ಬರಿಗೂ ಸಮಾನ ಸ್ಥಾನ. ಅಷ್ಟು ದೂರ ಯಾಕೆ? ನಮ್ಮ ದೇಶದಲ್ಲಿ 1975ರಲ್ಲಿ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಶುರುವಾದಾಗಿನಿಂದ ಅಂಗನವಾಡಿ ಕಾರ್ಯಕರ್ತೆ ಮಾಡುತ್ತಿರುವುದೂ ಇದನ್ನೇ. ಜೊತೆಗೆ ಒಬ್ಬರು ಸಹಾಯಕಿ. ಪಾಠ, ಊಟ, ಮಕ್ಕಳ ತೂಕ, ಚುಚ್ಚುಮದ್ದಿನ ದಿನದ ಓಡಾಟ, ಸಾಲದ್ದಕ್ಕೆ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಇದರ ಲೆಕ್ಕ ತುಂಬುವುದು. ಇಷ್ಟೆಲ್ಲ ಹೊತ್ತವರಿಗೆ ಇಂದಿಗೂ ಸಿಗುವುದು ಗೌರವಧನ. ಸಂಬಳ ಅನ್ನುವ ಹೆಸರೂ ಅದಕ್ಕಿಲ್ಲ. ಜವಾಬ್ದಾರಿ ಕೊಟ್ಟು ಸಮಯ, ದುಡ್ಡು ಎರಡೂ ಕೊಡದಿದ್ದರೆ ಅದು ಸುಮ್ನೆ ಕೆಲಸ ಹೇರಿದ ಹಾಗೆ. ಅದಕ್ಕೇ ನಮ್ಮ ಯುಕೆಜಿ ಟೀಚರ್‌ಗೆ ದಿನಕ್ಕೆ ಒಂದು ಪೀರಿಯಡ್ ಬಿಡುವು ಕೊಟ್ಟಿದ್ದೇವೆ, ತಿಂಗಳಿಗೆ ಸ್ವಲ್ಪ ಭತ್ಯೆಯೂ ಇದೆ. ಜಾಸ್ತಿ ಏನಲ್ಲ.

ಇನ್ನು ನಿಮ್ಮಲ್ಲಿ ಹೆಚ್ಚಿನವರ ದೂರು: "ಬೇರೆ ಶಾಲೆಯಲ್ಲಿ ಎಲ್‌ಕೆಜಿಗೇ ಎಬಿಸಿಡಿ ಬರೆಸ್ತಾರೆ, ಇಲ್ಲಿ ಮಣ್ಣಾಡ್ತಾರೆ." ವಿಭಾಗದವರು ಕೂತು ತೀರ್ಮಾನಿಸಿದ್ದಾರೆ: ಈ ವರ್ಷ ಎಲ್‌ಕೆಜಿಗೆ ಕಾಪಿ ಬರೆಸುವುದಿಲ್ಲ. ಮಣ್ಣು, ಕಾಳು, ಬಳಪ, ಹಾಡು. ರಾಷ್ಟ್ರೀಯ ಶಿಕ್ಷಣ ನೀತಿಯ ಬಗ್ಗೆ ನಮ್ಮ ರಾಜ್ಯದಲ್ಲಿ ಜಗಳ ಏನೇ ಇರಲಿ, 2022ರಲ್ಲಿ ಬಂದ 3ರಿಂದ 8 ವರ್ಷದವರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಆಟದ ಮೂಲಕವೇ ಕಲಿಸಿ, ಮನೆಮಾತು ಬಳಸಿ ಅನ್ನುತ್ತದೆ. ಒಪ್ಪಿಗೆ ಇಲ್ಲದಿದ್ದರೆ ಟೀಚರ್ ಹತ್ತಿರ ಬಂದು ವಾದ ಮಾಡಿ. ಅವರು ಕೇಳಿಸಿಕೊಳ್ಳುತ್ತಾರೆ, ತಿದ್ದಬೇಕಾದ್ದಿದ್ದರೆ ತಿದ್ದುತ್ತಾರೆ. ಆದರೆ ರಾತ್ರಿ ಒಂಬತ್ತಕ್ಕೆ ನನಗೆ ಫೋನ್ ಮಾಡಿ ಅದನ್ನು ಬದಲಾಯಿಸಿಕೊಳ್ಳಲು ಆಗುವುದಿಲ್ಲ. ಇಬ್ಬರು ಜೋರು ಮಾಡಿದರು ಅಂತ ನಾನು ಟೀಚರ ತೀರ್ಮಾನ ಮುರಿದರೆ, ಮರುದಿನದಿಂದ ಅವರು ಪ್ರತಿಯೊಂದಕ್ಕೂ ಆಫೀಸಿನ ಬಾಗಿಲಿಗೆ ಬರುತ್ತಾರೆ.

ವ್ಯಾನಿಗೂ ಇದೇ ಮಾತು. ಮಾಲ್ದಾರೆ ಕಡೆಯ ದಾರಿಯಲ್ಲಿ ಆನೆ ಇದ್ದರೆ ನಿಲ್ಲಿಸಬೇಕಾ, ವಾಪಸ್ ತಿರುಗಿಸಬೇಕಾ ಅನ್ನುವುದು ಡ್ರೈವರ್ ಅಣ್ಣನಿಗೆ ಬಿಟ್ಟದ್ದು. ತಡವಾಯಿತು ಅಂತ ಅವರಿಗೆ ಮೇಲಿಂದ ಮೇಲೆ ಫೋನ್ ಮಾಡಬೇಡಿ. ವ್ಯಾನ್‌ನಲ್ಲಿರುವ ಆಯಾ ಗ್ರೂಪಿಗೆ ಮೆಸೇಜ್ ಹಾಕುತ್ತಾರೆ. ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟಾಗ ಎಂದಿನಂತೆ ನಾನೇ ತಿಳಿಸುತ್ತೇನೆ.

ಮಗುವಿಗೆ ಗಂಭೀರ ಪೆಟ್ಟು, ಯಾರದ್ದಾದರೂ ವರ್ತನೆ ಬಗ್ಗೆ ಅನುಮಾನ, ಇಂಥದ್ದಿದ್ದರೆ ಮಾತ್ರ ಯಾವ ಹೊತ್ತಿಗಾದರೂ ನೇರ ನನಗೇ ಕರೆ ಮಾಡಿ. ಹಿಂಜರಿಯಬೇಡಿ.

ಜುಲೈ ಮೊದಲ ಶನಿವಾರ ಬೆಳಗ್ಗೆ 10ಕ್ಕೆ ಯುಕೆಜಿ ಕೋಣೆಯಲ್ಲಿ ಪೋಷಕರ ಸಭೆ. ನಡೆಸುವವರು ಯುಕೆಜಿ ಟೀಚರ್ ಮತ್ತು ಆಯಾ. ನಾನೂ ಹಿಂದಿನ ಬೆಂಚಿನಲ್ಲಿರುತ್ತೇನೆ. ಅಜ್ಜಿ ತಾತ ಬಂದರೂ ಸಂತೋಷ. ಬರುವಾಗ ಮಗುವಿಗೆ ಒಂದು ಜೊತೆ ಒಣ ಬಟ್ಟೆ ತನ್ನಿ. ಗಂಬೂಟಿನ ಒಳಗೆ ದಪ್ಪಕ್ಷರದಲ್ಲಿ ಹೆಸರು ಬರೆದು ಕಳಿಸಿ, ಬಾಗಿಲ ಹತ್ತಿರ ಎಲ್ಲ ನೀಲಿ ಬೂಟುಗಳೇ ಇವೆ.

ಇಂತಿ,
ಮುಖ್ಯ ಶಿಕ್ಷಕಿ