ವಾಚು ವಾಪಸ್ ಹೋದ ಕತೆ

ಲೇ ಗುಂಡಾ,

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಬೆಣ್ಣೆ ದೋಸೆ ತಿಂದೆಯಾ ಅಂತ ಕೇಳಬೇಡ. ತಿಂದೆ, ಎರಡು. ನೀನಿರುವ ಊರಲ್ಲಿ ನಮ್ಮೂರ ಹೆಸರು ಹಾಕಿ ಮಾರುವ ಆ ದೋಸೆಯ ಮೇಲೆ ಕೇಸು ಹಾಕಬೇಕು.

ಹೋದ ಸಲ ಫೋನಿನಲ್ಲಿ 'ಸುಂದರ ಹೆಂಗಿದಾನೆ' ಅಂತ ಕೇಳಿದ್ದೆಯಲ್ಲ, 'ಆರಾಮಿದಾನೆ' ಅಂದಿದ್ದೆ. ಸುಳ್ಳು. (ಇದನ್ನು ಎಲ್ಲರ ಮುಂದೆ ಬರೆಯಲು ಅವನ ಒಪ್ಪಿಗೆ ತಗೊಂಡಿದ್ದೇನೆ. 'ಸುಂದರ ಅಂತಲೇ ಹಾಕು, ನಾನು ಅಂತ ಯಾರಿಗೂ ಅನುಮಾನ ಬರಲ್ಲ' ಅಂದ. ಕೊಡೆ ವಿಷಯ ಮಾತ್ರ ಬರೆಯಬಾರದಂತೆ.)

ಮೆಕ್ಕೆಜೋಳ ಕಟಾವಾದ ಮೇಲೆ ಒಂದು ಸಂಜೆ ಊರಿಂದ ಬಂದಿದ್ದ. ಕುಂದವಾಡ ಕೆರೆ ಏರಿ ಮೇಲೆ ಕೂತು ಮಂಡಕ್ಕಿ ಪೊಟ್ಟಣ ಬಿಚ್ಚಿದೆವು. ಮೂರನೇ ಮಿರ್ಚಿಗೆ ಜಗಳ ಆಡಲಿಲ್ಲ. ಆಗಲೇ ನನಗೆ ಗೊತ್ತಾಗಬೇಕಿತ್ತು. ಕೈಯಿಂದ ವಾಚು ಬಿಚ್ಚಿ 'ನೀನೇ ಇಟ್ಕೊ, ನನಗೆ ಇನ್ನೇನು ಬೇಕು' ಅಂದ. ನಾನು ಕಟ್ಟಿಕೊಂಡು, ಕೈ ತಿರುಗಿಸಿ ನೋಡಿ, 'ಚೆನ್ನಾಗಿ ಒಪ್ಪುತ್ತೆ ಅಲ್ವಾ' ಅಂದೆ!

ನಾಲ್ಕು ದಿನ ಬಿಟ್ಟು ರಾತ್ರಿ ತಲೆಗೆ ಹೊಳೆಯಿತು. 'ಸಾಕಾಗಿದೆ ಕಣಲೇ' ಅನ್ನುತ್ತಿದ್ದದ್ದು, ನಿದ್ದೆ ಬರಲ್ಲ ಅನ್ನುತ್ತಿದ್ದದ್ದು, ಸಣ್ಣಪುಟ್ಟ ಬಾಕಿಯನ್ನೆಲ್ಲ ತೀರಿಸುತ್ತಿದ್ದದ್ದು. ಕೇಳೋಣ ಅಂದರೆ ಭಯ, ಇಲ್ಲದ್ದನ್ನು ನಾನೇ ತಲೆಗೆ ತುಂಬಿದ ಹಾಗಾದರೆ? 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ಮಾನಸಿಕ ಆರೋಗ್ಯದ ಸಹಾಯವಾಣಿ, ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. 'ನನಗಲ್ಲ, ನನ್ನ ಫ್ರೆಂಡ್‌ಗೆ' ಅಂತ ಮೂರು ಸಲ ಹೇಳಿದೆ. ಆ ಹೆಣ್ಣುಮಗಳು ತಾಳ್ಮೆಯಿಂದ ಕೇಳಿಸಿಕೊಂಡರು. ನೇರವಾಗಿಯೇ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ, ಹೇಳಿಕೊಳ್ಳೋಕೆ ದಾರಿ ಸಿಗುತ್ತೆ ಅಂದರು.

ಬೆಳಗಿನ ಮೊದಲ ಬಸ್ಸಿಗೆ ಅವನೂರಿಗೆ ಹೋದೆ. 'ಸಾಯಬೇಕು ಅನ್ನಿಸ್ತಿದೆಯೇನಲೇ?' ಅಂದೆ. ಬಹಳ ಹೊತ್ತು ಎಮ್ಮೆ ನೋಡುತ್ತ ಕೂತಿದ್ದ. ಆಮೇಲೆ 'ಹ್ಞೂಂ' ಅಂದ. ಯಾರಿಗೂ ಹೇಳಬಾರದು ಅಂತ ಆಣೆ ಮಾಡಿಸಿಕೊಂಡ. ಮಾಡಿದೆ. ಅವನ ಪಕ್ಕದಿಂದ ಏಳಲಿಲ್ಲ, ಆದರೆ ಮಧ್ಯಾಹ್ನ ಅವರಕ್ಕ ಊಟಕ್ಕೆ ಕರೆಯಲು ಬಂದಾಗ ಆಣೆ ಮುರಿದೆ. ಹೊಲಕ್ಕೆ ಹೊಡೆಯುವ ಔಷಧಿಯನ್ನೆಲ್ಲ ಅಂದೇ ಅಕ್ಕನ ಮನೆಗೆ ಸಾಗಿಸಿ ಬೀಗ ಹಾಕಿದೆವು. ಭಾವ 'ಪೊಲೀಸ್ ಕೇಸ್ ಆಗಲ್ವಾ' ಅಂತ ಹೆದರಿದರು. ಹೀಗೆ ಅನ್ನಿಸಿದ್ದಕ್ಕೆ ಎಲ್ಲಿಯ ಕೇಸು? ಪ್ರಯತ್ನ ಮಾಡಿ ಉಳಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತ ನೋಡಬೇಕು, ಶಿಕ್ಷೆ ಕೊಡಬಾರದು ಅಂತಲೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಮಾರನೇ ದಿನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಮಾತ್ರೆ ಕೆಲಸ ಮಾಡೋಕೆ ಕೆಲವು ವಾರ ಬೇಕು, ಆರಾಮಾಯ್ತು ಅಂತ ನೀವೇ ನಿಲ್ಲಿಸಬೇಡಿ ಅಂದರು. ಅವನು ನನ್ನ ಜೊತೆ ಹನ್ನೊಂದು ದಿನ ಮಾತು ಬಿಟ್ಟಿದ್ದ. ಮಾತ್ರೆ ಮಾತ್ರ ಬಿಡಲಿಲ್ಲ.

ಇಷ್ಟು ಓದಿದವರು ನನ್ನನ್ನು ಹೊಗಳುತ್ತಾರೆ. ತಡೀರಿ. ಗುಂಡಾ, ನಾನು ಆಣೆ ಮುರಿದದ್ದು ಧೈರ್ಯದಿಂದಲ್ಲ. ಅರ್ಧ ದಿನವೂ ಒಬ್ಬನೇ ಹೊರಲಾಗದೆ ಅಕ್ಕನ ತಲೆ ಮೇಲೆ ಇಳಿಸಿದೆ. ಆಸ್ಪತ್ರೆಯಲ್ಲಿ ಪರಿಚಯದವರೊಬ್ಬರು ಸಿಕ್ಕಾಗ, ಅವನು ಪಕ್ಕದಲ್ಲೇ ಇದ್ದರೂ, 'ನನಗೆ ಹಲ್ಲುನೋವು' ಅಂದೆ. ಈಗಲೂ ರಾತ್ರಿ ಹನ್ನೊಂದಕ್ಕೆ ಅವನ ಫೋನ್ ಬಂದರೆ ಎತ್ತುತ್ತೇನೆ. ಆದರೆ ಎತ್ತುವ ಮುಂಚೆ, ತಾನಾಗೇ ನಿಂತುಹೋದರೆ ಸಾಕು ಅನ್ನಿಸುವ ಒಂದು ಕ್ಷಣ ಇದೆಯಲ್ಲ, ಅದನ್ನು ಯಾರಿಗೂ ಹೇಳಿರಲಿಲ್ಲ. ನನಗೇ ಹೇಳಿಕೊಂಡಿರಲಿಲ್ಲ.

ಇದನ್ನೆಲ್ಲ ಬರೆಯೋಕೆ ಕೂತಿರಲಿಲ್ಲ. ಬೆಣ್ಣೆ ಜಾಸ್ತಿಯಾಗಿರಬೇಕು.

ಒಂದು ಕೆಲಸ ಮಾಡು. ಭಾನುವಾರ, ಬುಧವಾರ ನೀನು ಅವನಿಗೆ ಫೋನ್ ಮಾಡು. ಬುದ್ಧಿ ಹೇಳಬೇಡ, ಸುಮ್ನೆ ಕೊಡೆ ವಿಷಯ ತೆಗಿ.

ಹೋದ ವಾರ ಬಂದಿದ್ದ. ಕೂತವನೇ 'ನನ್ನ ವಾಚೆಲ್ಲಿ?' ಅಂದ. ಬಿಚ್ಚಿ ಕೊಟ್ಟೆ. ಪಟ್ಟಿ ಹಾಳು ಮಾಡಿದ್ದೀಯಾ ಅಂತ ಮಂಡಕ್ಕಿ ಅಂಗಡಿಯಲ್ಲಿ ಎಲ್ಲರೆದುರು ಬೈದ. ಮೂರನೇ ಮಿರ್ಚಿಯನ್ನೂ ಅವನೇ ತಿಂದ. ಹಾಗಾಗಿ ಈಗ ನನ್ನ ಕೈಯಲ್ಲಿ ವಾಚಿಲ್ಲ. ನೀನು ಬಂದಾಗ ಬಸ್ ಸ್ಟ್ಯಾಂಡಿಗೆ ಲೇಟಾಗಿ ಬಂದರೆ ಬೈಬೇಡ.

ನಿನ್ನ,
ಹಲ್ಲುನೋವಿನವನು