ಎಕ್ಸ್‌ರೇಲಿ ಏನೂ ಇಲ್ಲ ಅಂದ್ರೂ ಮಣಿಕಟ್ಟಿನ ನೋವು ಬಿಡ್ಬೇಡಿ

ಮಾನ್ಯ ಸಂಪಾದಕರೇ,

ಮಳೆ ಹಿಡೀತು, ನಮ್ಮ ಮಲೆನಾಡಿನ ಅಂಗಳಗಳಲ್ಲಿ ಪಾಚಿ ಕಟ್ಟೋ ಕಾಲ, ಇನ್ನು ಮೂರ್ನಾಲ್ಕು ತಿಂಗಳು ಎಷ್ಟು ಜನ ಜಾರಿ ಬಿದ್ದು ಕೈ ಊರ್ತಾರೋ, ಅದಕ್ಕೇ ಈ ಪತ್ರ ಈಗ್ಲೇ ಬರೀತಿದೀನಿ, ದಯವಿಟ್ಟು ಹಾಕಿ.

ಎರಡು ವರ್ಷದ ಹಿಂದೆ ಇಂಥದೇ ಮಳೇಲಿ ನನ್ನ ಮಗ ಕೊಟ್ಟಿಗೆಯಿಂದ ಹಾಲಿನ ಕ್ಯಾನ್ ಹಿಡ್ಕೊಂಡು ಬರ್ತಾ ಜಾರಿದ. ಹಾಲು ಚೆಲ್ಲಬಾರ್ದು ಅಂತ ಕ್ಯಾನನ್ನ ಎಡಗೈಲಿ ಎತ್ತಿ ಹಿಡಿದು ಬಲಗೈ ಅಂಗೈಯನ್ನ ನೆಲಕ್ಕೆ ಊರಿಬಿಟ್ಟ. ಊತ ಅಂಥದ್ದೇನೂ ಇರ್ಲಿಲ್ಲ, ಐದೂ ಬೆರಳು ಆಡ್ತಿತ್ತು. "ಬೆರಳು ಆಡ್ತಿದೆಯಲ್ಲ, ಮೂಳೆ ಮುರಿದಿದ್ರೆ ಆಡ್ತಿತ್ತಾ, ಉಳುಕಿದೆ ಅಷ್ಟೇ" ಅಂತ ನಮ್ಮತ್ತೆ ಅಂದ್ರು, ನಾನೂ ಹೂಂ ಅಂದೆ. ಉಳುಕು ತೆಗೆಯೋರ ಹತ್ರ ಎರಡು ದಿನ ಎಣ್ಣೆ ಹಾಕಿಸಿ ನೀವಿಸಿದ್ವಿ, ಆ ಹುಡುಗ ಹಲ್ಲು ಕಚ್ಕೊಂಡು ಕೂತಿದ್ದು ಈಗ್ಲೂ ಕಣ್ಣಿಗೆ ಕಟ್ಟಿದಂಗಿದೆ. ನಾಲ್ಕನೇ ದಿನ ಆಸ್ಪತ್ರೆಗೆ ಕರ್ಕೊಂಡು ಹೋದೆ, ಎಕ್ಸ್‌ರೇ ತೆಗೆದ್ರು, ಏನೂ ಆಗಿಲ್ಲ ಅಂದ್ರು, ಕ್ರೇಪ್ ಬ್ಯಾಂಡೇಜು ನೋವಿನ ಮಾತ್ರೆ ಕೊಟ್ಟು ಕಳ್ಸಿದ್ರು. ನಾವೂ ಸಮಾಧಾನವಾಗಿ ಮನೆಗೆ ಬಂದ್ವಿ.

ಆಮೇಲೆ ಏಳು ತಿಂಗಳು ಅವನು ಬೈಕಿನ ಆಕ್ಸಿಲರೇಟರ್ ತಿರುಗಿಸುವಾಗ, ಕೆಳಗೆ ಕೂತವನು ಕೈ ಊರಿ ಏಳುವಾಗ, ಬಾಟಲಿ ಮುಚ್ಚಳ ತೆಗೆಯುವಾಗ ಮುಖ ಹಿಂಡ್ತಿದ್ದ. ಕೊನೆಗೆ ದೊಡ್ಡ ಆಸ್ಪತ್ರೇಲಿ ಮೂಳೆ ಡಾಕ್ಟ್ರು ಎಕ್ಸ್‌ರೇನೂ ನೋಡ್ಲಿಲ್ಲ ಮೊದ್ಲು, ಅವನ ಹೆಬ್ಬೆರಳನ್ನ ಮೇಲಕ್ಕೆ ಎತ್ತಿಸಿದ್ರು. ಹಾಗೆ ಎತ್ತಿದ್ರೆ ಬುಡದಲ್ಲಿ ಹುರಿಯಂಥ ಎರಡು ಸ್ನಾಯುರಜ್ಜು ಎದ್ದು ಮಧ್ಯೆ ಒಂದು ಗುಳಿ ಬೀಳುತ್ತಲ್ಲ, ನಮ್ಮಜ್ಜ ನಶ್ಯ ಹಾಕ್ಕೊಂಡು ಏರಿಸ್ತಿದ್ದ ಜಾಗ, ಡಾಕ್ಟ್ರ ಭಾಷೇಲೂ ಅದಕ್ಕೆ ಸ್ನಫ್ ಬಾಕ್ಸ್, ಅಂದ್ರೆ ನಶ್ಯದ ಡಬ್ಬಿ ಅಂತಾನೇ ಹೆಸರಂತೆ. ಅಲ್ಲಿ ಒಂದೇ ಬೆರಳಲ್ಲಿ ಒತ್ತಿದ್ರು ನೋಡಿ, ಹುಡುಗ ಕುರ್ಚಿಯಿಂದ ಎದ್ದೇಬಿಟ್ಟ.

ಆ ಗುಳಿಯ ಕೆಳಗೆ ಸ್ಕ್ಯಾಫಾಯ್ಡ್ ಅನ್ನೋ ಮೂಳೆ ಇದೆ. ಒಂದು ಕೈಲಿ 27 ಮೂಳೆ, ಅದ್ರಲ್ಲಿ ಮಣಿಕಟ್ಟಲ್ಲೇ 8, ಆ ಎಂಟ್ರಲ್ಲಿ ಜಾಸ್ತಿ ಮುರಿಯೋದು ಇದೇ, ಅದೂ ಹೀಗೆ ಅಂಗೈ ಊರಿ ಬಿದ್ದಾಗ್ಲೇ. ಗೋಡಂಬಿ ಥರ ಇರುತ್ತೆ, ಅಷ್ಟೇ ದೊಡ್ಡದು. ಇದಕ್ಕೆ ರಕ್ತ ಬರೋದು ಹೆಚ್ಚಾಗಿ ಬೆರಳಿನ ಕಡೆಯಿಂದ, ಅಲ್ಲಿಂದ ಹಿಂದಕ್ಕೆ ಹರಿದು ತೋಳಿನ ಕಡೆಯ ತುದಿಗೆ ಹೋಗ್ಬೇಕು, ಮಧ್ಯದಲ್ಲಿ ಮುರಿದ್ರೆ ಆ ಹಿಂದಿನ ಚೂರಿಗೆ ರಕ್ತ ಸಾಲದೆ ಹೋಗ್ಬಹುದು, ನಾಲೆ ಒಡೆದ್ರೆ ಕೊನೇ ಗದ್ದೆ ಒಣಗಿದಂಗೆ ಅದು ಸಾಯೋಕೆ ಶುರುವಾಗ್ಬಹುದು. ಹಾಗಾದ್ರೆ ಮೂಳೆ ಕೂಡಲ್ಲ, ವರ್ಷ ಕಳೆದಂಗೆ ಮಣಿಕಟ್ಟು ಸವೆದು ಸಂಧಿವಾತ. ನನ್ನ ಮಗನಿಗೆ ಸೊಂಟದ ಮೂಳೆಯಿಂದ ಚೂರು ತೆಗೆದು ಇಲ್ಲಿ ತುಂಬಿಸಿ ಸ್ಕ್ರೂ ಹಾಕಿದ್ರು. ಈಗ ಮೂಳೆ ಕೂಡಿದೆ, ಆದ್ರೆ ಆ ಕೈ ಇನ್ನೂ ಪೂರ್ತಿ ಹಿಂದಕ್ಕೆ ಬಗ್ಗಲ್ಲ.

ನನಗೆ ಸಂಕಟ ಆಗೋದು ಎಲ್ಲಿ ಅಂದ್ರೆ, ಈ ಮೂಳೆಯ ಬಿರುಕು ಮೊದಲನೇ ಎಕ್ಸ್‌ರೇಲಿ ಎಷ್ಟೋ ಸಲ ಕಾಣೋದೇ ಇಲ್ವಂತೆ, ಅದು ಡಾಕ್ಟ್ರುಗಳಿಗೆಲ್ಲ ಗೊತ್ತಿರೋ ವಿಷಯ. ಆ ಗುಳೀಲಿ ನೋವಿದ್ರೆ ಎಕ್ಸ್‌ರೇ ಏನೇ ಹೇಳ್ಲಿ ಮುರಿದಿದೆ ಅಂತಲೇ ಲೆಕ್ಕ ಹಾಕಿ ಕೈ ಅಲ್ಲಾಡದ ಹಾಗೆ ಪಟ್ಟಿ ಹಾಕಿ 10ರಿಂದ 14 ದಿನಕ್ಕೆ ಇನ್ನೊಂದು ಎಕ್ಸ್‌ರೇ ತೆಗೀಬೇಕು, ಅನುಕೂಲ ಇದ್ರೆ ಎಂಆರ್‌ಐ ಸ್ಕ್ಯಾನ್ ಮಾಡಿಸಿದ್ರೆ ಆಗ್ಲೇ ಗೊತ್ತಾಗುತ್ತೆ. ಮುರಿದ ಚೂರು ಜಾಗದಿಂದ ಜರುಗಿಲ್ಲ ಅಂದ್ರೆ ಸಾಮಾನ್ಯವಾಗಿ ಎರಡು ಮೂರು ತಿಂಗಳ ಪ್ಲಾಸ್ಟರ್‌ನಲ್ಲೇ ಮುಗೀತಿತ್ತು. ಬೀಡಿ ಸಿಗರೇಟು ಸೇದೋರಿಗೆ ಮೂಳೆ ಕೂಡೋದು ಇನ್ನೂ ನಿಧಾನ, ಅಷ್ಟು ದಿನವಾದ್ರೂ ಬಿಡಿ.

ಬೆರಳಿನ ಬಗ್ಗೆನೂ ಒಂದೆರಡು ಮಾತು, ಆರು ತಿಂಗಳು ಫಿಸಿಯೋಥೆರಪಿ ಬೆಂಚಲ್ಲಿ ಕೂತು ನೋಡಿದ್ದು. ಕ್ರಿಕೆಟ್ ಬಾಲ್ ಬಡಿದು ಬೆರಳ ತುದಿ ಜೋತು ಬಿದ್ದು ನೆಟ್ಟಗೆ ಮಾಡೋಕೆ ಆಗ್ದಿದ್ರೆ ಹಾಗೇ ಸರಿ ಹೋಗುತ್ತೆ ಅನ್ಕೋಬೇಡಿ, ನೆಟ್ಟಗೆ ಪಟ್ಟಿ ಹಾಕಿ 6ರಿಂದ 8 ವಾರ ಇಡ್ಬೇಕು, ಮಧ್ಯೆ ಸ್ನಾನಕ್ಕೆ ಅಂತ ತೆಗೆದು ಒಂದೇ ಸಲ ಬಗ್ಗಿಸಿದ್ರೂ ಲೆಕ್ಕ ಮತ್ತೆ ಒಂದರಿಂದ ಶುರು. ಅಂಗೈ ಮೂಳೆಗೋ ಬೆರಳಿಗೋ ಪೆಟ್ಟಾಗಿದ್ರೆ ನಿಧಾನ ಮುಷ್ಟಿ ಮಡಚಿ ನೋಡಿ, ಬೆರಳೆಲ್ಲ ಹೆಬ್ಬೆರಳ ಬುಡದ ಕಡೆಗೆ ಮುಖ ಮಾಡ್ಬೇಕು, ಒಂದು ಬೆರಳು ಪಕ್ಕದ ಬೆರಳ ಮೇಲೆ ಏರ್ತಿದ್ರೆ ಮೂಳೆ ತಿರುಚಿಕೊಂಡಿದೆ ಅಂತ ಅರ್ಥ, ಹಾಗೇ ಕೂಡಿಬಿಟ್ರೆ ಆಮೇಲೆ ಅನ್ನ ಕಲಸೋಕೂ ಕಷ್ಟ.

ಬಿದ್ದ ತಕ್ಷಣ ಮೊದ್ಲು ಉಂಗುರ ಬಳೆ ತೆಗೀರಿ, ಊದಿಕೊಂಡ ಮೇಲೆ ಕತ್ತರಿಸೇ ತೆಗೀಬೇಕಾಗುತ್ತೆ. ರಟ್ಟೋ ಮಕ್ಕಳ ಸ್ಕೇಲೋ ಇಟ್ಟು ಸಡಿಲವಾಗಿ ಕಟ್ಟಿ, ಕೈ ಎದೆಗಿಂತ ಮೇಲೆ ಇರ್ಲಿ, ಬಟ್ಟೇಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ. ನೀವಿಸ್ಬೇಡಿ, ಎಳೆಸ್ಬೇಡಿ. ನಾಟಿ ಪಟ್ಟು ಹಾಕೋರ ಮೇಲೆ ನನಗೆ ದ್ವೇಷ ಇಲ್ಲ, ಆದ್ರೆ ಬಿದಿರು ಸೀಳು ಇಟ್ಟು ಬಿಗಿದಾಗ ಬೆರಳು ನೀಲಿ ಆದ್ರೆ, ಜೋಮು ಹಿಡಿದ್ರೆ ರಾತ್ರಿಯಾದ್ರೂ ಸರಿ ತಕ್ಷಣ ಬಿಚ್ಚಿಸಿ ಆಸ್ಪತ್ರೆಗೆ ಓಡಿ, ಬೆಳಗಾಗ್ಲಿ ಅಂತ ಕಾದು ಕೈ ಕಳ್ಕೊಂಡೋರಿದ್ದಾರೆ. ಪ್ಲಾಸ್ಟರ್ ಬಿಗಿಯಾಗಿ ಹೀಗಾದ್ರೂ ಅಷ್ಟೇ, ಹಾಕಿಸ್ಕೊಂಡ ಕಡೆಗೆ ಆಗ್ಲೇ ವಾಪಸ್ ಹೋಗಿ.

ಆಸ್ಪತ್ರೆಯೋರಲ್ಲಿ ನನ್ನದೊಂದೇ ಬೇಡಿಕೆ. ಕೈ ಊರಿ ಬಿದ್ದೋರ ಎಕ್ಸ್‌ರೇ ಚೆನ್ನಾಗಿದ್ರೂ ಚೀಟೀಲಿ ಕನ್ನಡದಲ್ಲಿ ಒಂದು ಸಾಲು ಬರೆದುಕೊಡಿ, 'ಹೆಬ್ಬೆರಳ ಬುಡದಲ್ಲಿ ನೋವಿದ್ರೆ ಹತ್ತು ದಿನಕ್ಕೆ ಮತ್ತೆ ಬನ್ನಿ' ಅಂತ. ಒಂದು ರಬ್ಬರ್ ಸ್ಟಾಂಪ್ ಮಾಡಿಸಿದ್ರೂ ಸಾಕು. ನನ್ನ ಮಗನಿಗೆ ಕೊಟ್ಟ ಚೀಟಿ ಇನ್ನೂ ನನ್ನ ಬೀರುವಿನಲ್ಲಿದೆ, ಎರಡು ಮಾತ್ರೆ ಹೆಸರು, ಕೆಳಗೊಂದು ಸಹಿ, ಅಷ್ಟೇ ಇರೋದು ಅದ್ರಲ್ಲಿ.

ಇಂತಿ,
ಒಬ್ಬ ತಾಯಿ, ಸಾಗರ ತಾಲ್ಲೂಕು